ಕಾಸು ಬೇಡ, ಒಂದು ಮಾತು ಬೇಕು

ನಂಜನಗೂಡಿನ ಪೇಟೆಬೀದಿಯ ಜವಳಿ ಅಂಗಡಿಯೊಂದರಲ್ಲಿ ನಾನು ಸೀರೆ ಮಾರುತ್ತೇನೆ. ಈ ಮಾತು ಹೇಳುವಾಗ ಇವತ್ತಿಗೂ ನನ್ನ ಎದೆ ಒಂದಿಷ್ಟು ಮುಂದೆ ಬರುತ್ತದೆ. ಬರಲಿ ಬಿಡಿ. ಬೇರೆಯವರು ಇದನ್ನೇ ಆಕಳಿಸುತ್ತ ಹೇಳುತ್ತಾರೆ, ಏಕೆಂದರೆ ಅವರಿಗೆ ಇದು ಸಲೀಸಾಗಿ ಸಿಕ್ಕಿದೆ. ನಾನು ಮಂಗಳಮುಖಿ. ನನ್ನಂಥವಳು ಅಂಗಡಿ ಬಾಗಿಲಲ್ಲಿ ಕಂಡರೆ ಜನ ಜೇಬಿಗೆ ಕೈ ಹಾಕುತ್ತಾರೆಯೇ ಹೊರತು 'ಆ ಹಸಿರು ಸೀರೆ ತೆಗಿಯಮ್ಮ' ಎನ್ನುವುದಿಲ್ಲ.

ನಾನು ಹುಟ್ಟಿದ್ದು ತಿ. ನರಸೀಪುರದ ಆಚೆಯ ಒಂದು ಹಳ್ಳಿಯಲ್ಲಿ. ಅಪ್ಪನಿಗೆ ಎರಡು ಸೀಮೆ ಹಸು, ಸ್ವಲ್ಪ ಭತ್ತದ ಗದ್ದೆ. ನಾನು ಹೆಣ್ಣು ಎಂದು ನನಗೆ ಗೊತ್ತಾದಷ್ಟು ಬೇಗ ಅವರಿಗೆ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಮನೆಯಲ್ಲಿ ಇರಲಾಗಲಿಲ್ಲ. ಆ ಕಥೆ ನಮ್ಮವರೆಲ್ಲರದೂ ಒಂದೇ, ಅದನ್ನು ಬಿಡಿಸಿ ಹೇಳಲು ನನಗೆ ಬೇಸರ. ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡವರು ನರಸೀಪುರದಲ್ಲಿ ನಮ್ಮವರಿಗೆಲ್ಲ ಹಿರಿಯರಾದ ಅಮ್ಮ. ಹೆತ್ತ ತಾಯಿಯಲ್ಲ. ಆದರೂ ನಮ್ಮ ಮನೆಯಲ್ಲಿ 'ಅಮ್ಮ' ಎಂದರೆ ಅವರೇ. ಅಡಕೆ ಜಗಿದು ಕೆಂಪಾದ ಬಾಯಿ, ದಪ್ಪ ಕುಂಕುಮ, ಪೊಲೀಸಿನವರೂ ಒಂದು ಹೆಜ್ಜೆ ಹಿಂದೆ ಸರಿಯುವಂಥ ದನಿ.

ಶುಕ್ರವಾರ ಬಂತೆಂದರೆ ಅಮ್ಮನ ಜೊತೆ ನಾವೆಲ್ಲ ಅಂಗಡಿ ಬೀದಿಗೆ ಇಳಿಯುತ್ತಿದ್ದೆವು. ಒಂದು ವಾರ ನರಸೀಪುರ, ಮುಂದಿನ ವಾರ ನಂಜನಗೂಡು. ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ, ಅಂಗಡಿಯವರ ತಲೆ ಮೇಲೆ ಕೈಯಿಟ್ಟು ಹರಸಿ, ಅವರು ಕೊಟ್ಟಿದ್ದು ತೆಗೆದುಕೊಳ್ಳುವುದು. ಅಮ್ಮ ಮುಟ್ಟಿ ಹಿಂದಕ್ಕೆ ಕೊಟ್ಟ ನಾಣ್ಯವನ್ನು ಕೆಲವರು ಗಲ್ಲಾಪೆಟ್ಟಿಗೆಯಲ್ಲಿ ಅರಿಶಿನ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ನಾನು ಮಾತ್ರ ಆ ಕೆಲಸದಲ್ಲಿ ಶುದ್ಧ ದಂಡ. ಚಪ್ಪಾಳೆ ತಟ್ಟಿದರೆ ಸದ್ದೇ ಬರುತ್ತಿರಲಿಲ್ಲ.

"ನಿನ್ ಕೈ ಅತ್ತಿ ಮೂಟೆ ಕಣವ್ವ, ಹೊಡುದ್ರೂ ಸದ್ದಾಗಕ್ಕಿಲ್ಲ" ಎಂದು ಅಮ್ಮ ನಗುತ್ತಿದ್ದರು.

ಆದರೆ ಆ ಕೈಗೆ ಬಟ್ಟೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಯಾರು ಹೊರಗೆ ಹೊರಟರೂ ಸೀರೆ ಉಡಿಸುವುದು, ನೆರಿಗೆ ಹಿಡಿಯುವುದು ನನ್ನ ಪಾಲು. ನನಗೆ ಸಂಬಳದ ಕೆಲಸ ಬೇಕು ಎಂದು ಹಟ ಹಿಡಿದಾಗ ಅಮ್ಮನೇ ನಂಜನಗೂಡಿನ ಜವಳಿ ಅಂಗಡಿಯ ಯಜಮಾನರ ಹತ್ತಿರ ಮಾತಾಡಿದರು. ಅವರು ತಟ್ಟನೆ ಒಪ್ಪಿಕೊಂಡರು. ಎಷ್ಟು ದೊಡ್ಡ ಮನಸ್ಸು ಎಂದು ನಾವು ದಾರಿಯುದ್ದಕ್ಕೂ ಹೊಗಳಿದ್ದೇ ಹೊಗಳಿದ್ದು.

ದೊಡ್ಡ ಮನಸ್ಸಿನ ಅಳತೆ ಮೊದಲ ದಿನವೇ ಸಿಕ್ಕಿತು. ಬೆಳಿಗ್ಗೆ ಶಟರ್ ಎತ್ತಿ, ದೀಪ ಹಚ್ಚಿ, ಯಜಮಾನರು ನನ್ನನ್ನು ಗಲ್ಲಾದ ಮುಂದೆ ನಿಲ್ಲಿಸಿದರು. ಒಂದು ಕರವಸ್ತ್ರವನ್ನು ನನ್ನ ಕೈಯಿಂದ ಇಸಿದುಕೊಂಡು, ಅದರ ಹಣವನ್ನು ನನ್ನ ಕೈಯಿಂದಲೇ ಗಲ್ಲಾಕ್ಕೆ ಹಾಕಿಸಿದರು. ಅದು ದಿನದ ಬೋಣಿ, ಮೊದಲ ವ್ಯಾಪಾರ. ಮಂಗಳಮುಖಿಯ ಕೈಯಿಂದ ಬೋಣಿಯಾದರೆ ದಿನವೆಲ್ಲ ವ್ಯಾಪಾರ ಎಂದು ಅವರ ನಂಬಿಕೆ. "ನಿನ್ ಕೈಗುಣ ಚೆನ್ನಾಗಿದೆ ಕಣಮ್ಮ. ಈಗ ಗೋಡೌನಿಗೆ ಹೋಗು" ಎಂದರು. ಅಲ್ಲಿಂದ ಸಂಜೆಯವರೆಗೆ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಸೀರೆ ಮಡಿಸುವುದು, ಚೀಟಿ ಅಂಟಿಸುವುದು, ಫಾಲ್ ಹೊಲಿಯುವುದು. ಗಿರಾಕಿ ಇರುವಾಗ ಮುಂದೆ ಬರಕೂಡದು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಅವರಿಗೆ ನನ್ನ ಕೈ ಬೇಕಿತ್ತು, ಮುಖ ಬೇಕಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೂ ಎರಡು ವರ್ಷ ನುಂಗಿಕೊಂಡೆ. ದಿನಾ ಬೆಳಿಗ್ಗೆ ನರಸೀಪುರದಿಂದ ಬರುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು ತಲೆ ಎತ್ತದೆ ನನ್ನ ಕೈಗೂ ಹೆಂಗಸರ ಉಚಿತ ಟಿಕೆಟ್ ಹರಿದು ಕೊಡುತ್ತಿದ್ದ. ಆ ಪುಟ್ಟ ಚೀಟಿಯನ್ನು ನಾನು ಅಂಗಡಿಯವರೆಗೂ ಹಿಡಿದುಕೊಂಡೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಹೆಂಗಸು, ಅಂಗಡಿಯಲ್ಲಿ ದೃಷ್ಟಿಗೊಂಬೆ!

ಆ ಕೋಣೆಯಲ್ಲಿ ನನಗೆ ಉಸಿರು ಕೊಟ್ಟವಳು ಹೆಡತಲೆಯ ಅಕ್ಕ. ಅಂಗಡಿಯ ಹಳೆಯ ಸೇಲ್ಸಿನವಳು, ಹೆಡತಲೆಯಿಂದ ದಿನಾ ಬಂದು ಹೋಗುವವಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಇದೇ ಕೌಂಟರಿನ ಹಿಂದೆ ನಿಂತು ಓದಿಸಿದವಳು. ನಿಂತು ಎಂದರೆ ನಿಜವಾಗಿಯೂ ನಿಂತು. ನಮ್ಮ ಬೀದಿಯ ಅಂಗಡಿಗಳಲ್ಲಿ ಗಿರಾಕಿಗೆ ಕುರ್ಚಿ ಇದೆ, ಯಜಮಾನರಿಗೆ ಮೆತ್ತೆ ಇದೆ, ಮಾರುವ ಹೆಂಗಸರಿಗೆ ಒಂದು ಸ್ಟೂಲೂ ಇರಲಿಲ್ಲ. ಗಿರಾಕಿ ಕಡಿಮೆಯಾದಾಗ ಅವಳು ಗೋಡೌನಿಗೆ ಬಂದು ಬಟ್ಟೆಯ ಗಂಟಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಡಬ್ಬಿಯಲ್ಲಿ ತಂದ ಮುದ್ದೆ ಉಪ್ಸಾರಿನಲ್ಲಿ ಅರ್ಧ ನನಗೆ.

ಇನ್ನೊಂದು ಕಷ್ಟ ಹೇಳಿಬಿಡುತ್ತೇನೆ, ನಾಚಿಕೆ ಪಟ್ಟು ಪ್ರಯೋಜನವಿಲ್ಲ. ಅಂಗಡಿಯಲ್ಲಿ ಶೌಚಾಲಯ ಇರಲಿಲ್ಲ. ಹೆಂಗಸರು ಬಸ್‌ಸ್ಟ್ಯಾಂಡಿನ ಪಾವತಿ ಶೌಚಾಲಯಕ್ಕೆ ಹೋಗಬೇಕು. ಅಲ್ಲಿ ಕೂತವನು ನನ್ನನ್ನು ಕಂಡರೆ ಸಾಕು, "ನೀ ಆ ಕಡಿಕ್ ಓಗು" ಎಂದು ಗಂಡಸರ ಬಾಗಿಲು ತೋರಿಸುತ್ತಿದ್ದ. ಹಾಗಾಗಿ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಗೊತ್ತಾದ ದಿನ ಅಕ್ಕ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. "ನನ್ ತಂಗಿ ಕಣಯ್ಯ ಇವ್ಳು. ಅದೆಂಗ್ ತಡಿತೀಯೋ ತಡಿ ನೋಡವ" ಎಂದು ಅವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವನು ತಡೆಯಲಿಲ್ಲ. ಆದರೆ ಅಕ್ಕನಿಗೆ ಪುರುಸೊತ್ತಾದಾಗಲೇ ನನಗೆ ಶೌಚ ಎನ್ನುವುದು ಎಷ್ಟು ದಿನ ನಡೆದೀತು?

ಯಜಮಾನರು ನರಸೀಪುರದಲ್ಲಿ ಹೊಸ ಬ್ರಾಂಚು ತೆಗೆಯುವ ಸುದ್ದಿ ಬಂದದ್ದು ಆಗಲೇ. ನನಗೆ ಆಸೆ ಹುಟ್ಟಿತು. ನಮ್ಮೂರಿನ ಅಂಗಡಿ, ಹೊಸ ಕೌಂಟರು, ಅಲ್ಲಿಗಾದರೂ ನನ್ನನ್ನು ಮುಂದೆ ನಿಲ್ಲಿಸಬಹುದು. ಅದಕ್ಕಾಗಿ ಎಲ್ಲ ಹೆಂಗಸರಿಗೂ ನೀಲಿ ಅಂಚಿನ ಯೂನಿಫಾರ್ಮ್ ಸೀರೆ ಬಂತು, ಒಬ್ಬೊಬ್ಬರಿಗೆ ಎರಡೆರಡು. ಅಷ್ಟೂ ಸೀರೆಗೆ ಫಾಲ್ ಹೊಲಿದವಳು ನಾನು. ನನ್ನ ಹೆಸರಿನ ಸೀರೆ ಮಾತ್ರ ಅದರಲ್ಲಿ ಇರಲಿಲ್ಲ. ಕೇಳಿದೆ.

"ನಿನಗೆ ಯಾಕಮ್ಮ ಯೂನಿಫಾರ್ಮು? ಓಪನಿಂಗ್ ದಿನ ನೀನು ರೇಷ್ಮೆ ಸೀರೆ ಉಟ್ಕೊಂಡು, ಮುಖದ ತುಂಬ ಅರಿಶಿನ ಹಚ್ಕೊಂಡು ಬಾ. ಬಾಗಿಲಲ್ಲಿ ನಿಂತು ಅಂಗಡಿಗೆ ದೃಷ್ಟಿ ತೆಗೆದು, ಬಂದವರಿಗೆಲ್ಲ ಚಪ್ಪಾಳೆ ತಟ್ಟಿ ಆಶೀರ್ವಾದ ಮಾಡಬೇಕು. ಎಂಎಲ್‌ಎ ಕಡೆಯೋರೆಲ್ಲ ಬರ್ತಾರೆ" ಎಂದರು ಯಜಮಾನರು. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂಬುದೇ ನನಗೆ ಹೆಚ್ಚು ನೋವು ಕೊಟ್ಟದ್ದು. ಹೊರಗಿನಿಂದ ಯಾರನ್ನಾದರೂ ಕರೆಸಿದರೆ ದಕ್ಷಿಣೆ ಕೊಡಬೇಕು, ಮನೆಯಲ್ಲೇ ಒಬ್ಬಳಿದ್ದಾಳಲ್ಲ ಎಂಬ ಲೆಕ್ಕ. ಸಂಬಳಕ್ಕೆ ಇಟ್ಟುಕೊಂಡ ಕೆಲಸದವಳು ಎಂಬುದನ್ನೇ ಆ ಮನುಷ್ಯ ಮರೆತುಬಿಟ್ಟಿದ್ದರು.

ಗೋಡೌನಿನಲ್ಲಿ ಕೂತು ನಾನು ಚೆನ್ನಾಗಿ ಅತ್ತೆ. ಅಕ್ಕ ತನ್ನ ಎರಡು ಸೀರೆಗಳಲ್ಲಿ ಒಂದನ್ನು ನನ್ನ ಮಡಿಲಿಗೆ ಹಾಕಿದಳು. "ಉಟ್ಕೊಂಡ್ ಬಾ. ಏನಾರ ಅಂದ್ರೆ ನಾ ಕೊಟ್ಟೆ ಅನ್ನು" ಎಂದಳು.

ಉದ್ಘಾಟನೆಯ ದಿನ ನಾನು ಆ ನೀಲಿ ಅಂಚಿನ ಸೀರೆಯನ್ನು ಪಿನ್ನು ಹಾಕಿ ಉಟ್ಟು, ಜಡೆ ಬಿಗಿದು, ಉಳಿದ ಹೆಂಗಸರ ಸಾಲಿನಲ್ಲಿ ಕೌಂಟರಿನ ಹಿಂದೆ ನಿಂತೆ. ಅಂಗಡಿ ತುಂಬ ಹೂವು, ಹೊರಗೆ ನಾದಸ್ವರ, ಬಾಗಿಲಲ್ಲಿ ಬಿಳಿ ಬಟ್ಟೆಯ ದೊಡ್ಡವರು. ಯಜಮಾನರು ಕಣ್ಣಲ್ಲೇ ನನ್ನನ್ನು ಹುಡುಕಿ, ಕಂಡು, ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು: "ಏನಿದು ವೇಷ? ಹೋಗು, ಬಾಗಿಲಿಗೆ ನಿಂತ್ಕೊ."

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ಕೂಗಲಿಲ್ಲ, ಕೈ ತಟ್ಟಲಿಲ್ಲ. "ಸಾ, ನಾನಿವತ್ತು ಡ್ಯೂಟಿಲಿ ಇವ್ನಿ" ಎಂದೆ.

ಪಕ್ಕದಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಯಜಮಾನರ ಮುಖ ಕೆಂಪಾಯಿತು. ದೊಡ್ಡವರ ಮುಂದೆ ಗಲಾಟೆ ಬೇಡವೆಂದು ಅವರು ಆಗ ಸುಮ್ಮನಾದರು. ಅತಿಥಿಗಳು ಊಟಕ್ಕೆ ಎದ್ದ ಮೇಲೆ, "ನಾಳೆಯಿಂದ ಬರಬೇಡ" ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದರು.

ಅಲ್ಲಿಂದ ಅಮ್ಮನ ಮನೆಗೆ ನಡೆದುಕೊಂಡೇ ಹೋದೆ. ಅಮ್ಮ ತಬ್ಬಿಕೊಂಡು ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೆಂಡವಾದರು, ನನ್ನ ಮೇಲೆ! "ಒಂದ್ ದಪ ಕೈ ತಟ್ಟಿದ್ರೆ ನಿನ್ ಗಂಟೇನ್ ಓಗ್ತಿತ್ತು? ಈ ಕೈಲಿ ತಲೆ ಮುಟ್ಟಿ ಅರಸಿ ನಿಮ್ಮುನ್ನೆಲ್ಲ ಸಾಕಿವ್ನಿ. ಅರಸದು ಅಂದ್ರೆ ನಿಂಗೆ ಅಷ್ಟು ಕೇವ್ಲ ಆಗೋಯ್ತಾ?"

ನಾನೂ ದನಿ ಏರಿಸಿದೆ. "ಕೇವ್ಲ ಅಂತ ನಾ ಎಲ್ಲಂದೆ ಅಮ್ಮ? ಅದು ನಿಮ್ ಕೆಲ್ಸ. ನೀವ್ ಮನಸಿದ್ರೆ ಅರಸ್ತೀರ, ಇಲ್ದಿದ್ರೆ ಎದ್ ಬತ್ತೀರ. ನಂಗೆ ಸಂಬ್ಳ ಕೊಡೋನು ಅದ್ನ ನನ್ ಕೈಲಿ ಬಲವಂತ್ವಾಗಿ ಮಾಡ್ಸುದ್ರೆ ಅದು ಆಸೀರ್ವಾದ್ವಾ?"

ಅಮ್ಮ ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡರು. ಅವರು ಯೋಚಿಸುವುದು ಹಾಗೆ, ಸುಣ್ಣ ಹಚ್ಚುತ್ತಾ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೊನೆಗೆ ಅವರು ಹೇಳಿದ ಮಾತನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. "ಸರಿ. ನೀ ಕೆಲ್ಸಕ್ ವಾಪಸ್ ಓಗಗಂಟ ಈ ಎರ್ಡು ಊರಲ್ಲಿ ಯಾವ್ ಅಂಗ್ಡಿಗೂ ನಮ್ಮೋರು ಅರಸಂಗಿಲ್ಲ. ಸಾಪನೂ ಆಕಂಗಿಲ್ಲ. ಬರೀ ಮಾತಲ್ಲೇ ಕೇಳದು."

ಇದು ಸಣ್ಣ ತೀರ್ಮಾನವಲ್ಲ. ಶುಕ್ರವಾರದ ಅಂಗಡಿ ಬೀದಿಯೇ ನಮ್ಮವರ ಬಹುಮಂದಿಯ ಅನ್ನ. ಆ ಅನ್ನವನ್ನು ನನ್ನ ಒಬ್ಬಳ ಕೆಲಸಕ್ಕಾಗಿ ತಟ್ಟೆಯಿಂದ ಪಕ್ಕಕ್ಕಿಟ್ಟರು.

ಮೈಸೂರಿನಿಂದ ಒಬ್ಬ ವಕೀಲೆಯಮ್ಮನನ್ನು ಅಮ್ಮ ಕರೆಸಿದರು. ನಮ್ಮಂಥವರಿಗೆ ಕೆಲಸದಲ್ಲಿ ಭೇದ ಮಾಡಬಾರದು, ದೂರು ಕೇಳುವುದಕ್ಕೆ ಒಬ್ಬರು ಇರಬೇಕು ಎಂದು ದೇಶಕ್ಕೆಲ್ಲ ಕಾನೂನಿದೆ ಎಂದು ಅವರು ಬಿಡಿಸಿ ಹೇಳಿದರು. ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ಕಾನೂನು ದೆಹಲಿಯಿಂದ ಹೊರಟಿದೆ ಸರಿ, ನಮ್ಮ ಪೇಟೆಬೀದಿಯ ತಿರುವಿನಲ್ಲಿ ಅದಕ್ಕೆ ದಾರಿ ತಪ್ಪಿದಂತಿತ್ತು. ಕೋರ್ಟಿಗೆ ಹೋಗಬಹುದು ಎಂದರು ವಕೀಲೆಯಮ್ಮ. ಅಮ್ಮ, "ಮೊದ್ಲು ಬೀದೀಲಿ ಕೇಳವ, ಆಮೇಲೆ ಕೋಲ್ಟು" ಎಂದರು.

ಮುಂದಿನ ಶುಕ್ರವಾರ ನಾವು ನಂಜನಗೂಡಿನ ಬೀದಿಗೆ ಇಳಿದೆವು. ಎಲ್ಲರೂ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಕೈ ಕಟ್ಟಿಕೊಂಡು. ಮೊದಲನೆಯದು ಪಾತ್ರೆ ಅಂಗಡಿ. ಅವರು ನಮ್ಮನ್ನು ಕಂಡ ಕೂಡಲೇ ರೂಢಿಯಂತೆ ಹತ್ತರ ನೋಟು ಮುಂದೆ ಚಾಚಿದರು. ಅಮ್ಮ ಕೈ ಚಾಚಲಿಲ್ಲ.

"ಕಾಸ್ ಬ್ಯಾಡ ಸಾ, ಒಂದ್ ಮಾತ್ ಬೇಕು. ನಿಮ್ಮಂಗ್ಡೀಲಿ ನಮ್ಮೋಳೊಬ್ಳು ಕೆಲ್ಸಕ್ ಬಂದ್ರೆ ಮರ್ವಾದೆಯಾಗ್ ಇಟ್ಕತೀರಾ? ಕೆಲ್ಸ ಮಾಡೋ ಎಣ್ಮಕ್ಳಿಗೆ ಕಕ್ಕಸ್ ಮನೆ ಇದ್ಯಾ?"

ಅಂಗಡಿಯವರ ನೋಟು ಗಾಳಿಯಲ್ಲೇ ನಿಂತಿತ್ತು. ಅದನ್ನು ಏನು ಮಾಡಬೇಕು ಎಂದು ಅವರಿಗೆ ತಿಳಿಯಲಿಲ್ಲ, ಜೇಬಿಗೆ ವಾಪಸು ಹಾಕಿಕೊಳ್ಳಲೂ ಭಯ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಅಡ್ಡ ಹಿಡಿದೆ. ಬೀದಿಯುದ್ದಕ್ಕೂ ಅದೇ ಕಥೆ. ಕೆಲವರು ಬೈದರು, ಒಬ್ಬರು ಅರ್ಧ ಶಟರ್ ಎಳೆದುಕೊಂಡರು. ಒಬ್ಬ ಮೆಡಿಕಲ್ ಅಂಗಡಿಯವರು ಮಾತ್ರ ನಮ್ಮನ್ನು ಒಳಗೆ ಕರೆದು ನೀರು ಕೊಟ್ಟು, "ನೀವ್ ಕೇಳ್ತಿರೋದು ನ್ಯಾಯ" ಎಂದರು.

ಮೊದಲ ಶುಕ್ರವಾರ ಅಂಗಡಿಯವರಿಗೆ ಇದು ತಮಾಷೆ. ಕಾಸು ಉಳಿಯಿತು ಎಂದು ಖುಷಿ. ಆಮೇಲಾಮೇಲೆ ಮುಖಗಳು ಬದಲಾದವು. ಹೊಸ ಗಾಡಿ ತಂದವರು ಅಮ್ಮನನ್ನು ಹುಡುಕಿಕೊಂಡು ಬಂದರು, ಅಮ್ಮ ಕಾಫಿ ಕೊಟ್ಟು ಕಳಿಸಿದರು. ಹೊಸದಾಗಿ ಮೊಬೈಲ್ ಅಂಗಡಿ ಇಟ್ಟವನ ತಾಯಿ ಬಂದು ಗೋಗರೆದಳು. "ಕಾಯಿ ನೀವೇ ಒಡೀರವ್ವ, ದೇವ್ರು ಬ್ಯಾಡ ಅಂದನಾ?" ಎಂದರು ಅಮ್ಮ. ನಮ್ಮ ಜವಳಿ ಅಂಗಡಿಯಲ್ಲಿ ಬೋಣಿಯ ಪಾಳಿ ಹೆಡತಲೆಯ ಅಕ್ಕನಿಗೆ ಬಂದಿತ್ತಂತೆ. ಅವಳು ಫೋನಿನಲ್ಲಿ ನಗುತ್ತ ಹೇಳಿದಳು: "ನನ್ ಕೈಲಿ ಯಾಪಾರ್ವೇ ಆಗ್ನಿಲ್ಲ ಅಂತ ಮೊಕ ಊದುಸ್ಕೊಂಡು ಕುಂತವ್ರೆ ಕಣೆ. ಮಳೆ ಇಡ್ಕೊಂಡದೆ, ಜನ ಎಲ್ಲಿಂದ ಬಂದಾರು? ಅದಕ್ಕೂ ನನ್ ಕೈಯೇ ಕಾರಣ್ವಂತೆ!"

ನಗುವಾಗ ನಗುತ್ತಿದ್ದೆ, ಒಬ್ಬಳೇ ಇದ್ದಾಗ ಹೆದರುತ್ತಿದ್ದೆ. ಮನೆಯಲ್ಲಿ ಅಡುಗೆಯ ಪಾತ್ರೆ ಚಿಕ್ಕದಾಗುತ್ತಿತ್ತು. ನಮ್ಮಲ್ಲೇ ಒಬ್ಬಿಬ್ಬರು ಗೊಣಗತೊಡಗಿದ್ದರು, ಅದು ತಪ್ಪೂ ಅಲ್ಲ. ನಾನು ಸೋತರೆ ಮುಂದೆ ನಮ್ಮವಳು ಯಾರೂ ಒಂದು ಅಂಗಡಿಯಲ್ಲಿ ಕೆಲಸ ಕೇಳಲು ಬಾಯಿ ತೆರೆಯಲಾರಳು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಅಂಗಡಿಯವರ ಸಂಘದ ಅಧ್ಯಕ್ಷರು ಸಭೆ ಕರೆದರು. ಅವರದು ಹಾರ್ಡ್‌ವೇರ್ ಅಂಗಡಿ. ಅದರ ಮಹಡಿಯ ಮೇಲಿನ ಹಾಲಿನಲ್ಲಿ ಸಭೆ. ಮುಂದೆ ಅಂಗಡಿಯವರು, ಪಕ್ಕದಲ್ಲಿ ನಾವು, ಹಿಂದೆ ಗೋಡೆಗೆ ಒರಗಿಕೊಂಡು ಬೇರೆ ಬೇರೆ ಅಂಗಡಿಗಳ ಕೆಲಸದ ಹೆಂಗಸರು. ಅವರನ್ನು ಕರೆತಂದದ್ದು ಹೆಡತಲೆಯ ಅಕ್ಕ. ಅಧ್ಯಕ್ಷರು ಒಳ್ಳೆಯ ಮನುಷ್ಯರೇ, ಆದರೆ ಜಗಳ ಎಂದರೆ ಆಗದು. "ನೋಡಿ, ಇಬ್ರೂ ನಮ್ಮೋರೇ. ಅಮ್ಮ ಒಂದ್ಸಲ ಎಲ್ರನ್ನೂ ಹರಸಿಬಿಡಲಿ, ಇವರು ಕೆಲಸಕ್ಕೆ ತಗೊಂಡುಬಿಡಲಿ, ಮುಗೀತು" ಎಂದರು.

ಅಮ್ಮ ತಲೆ ಆಡಿಸಿದರು. "ಅಂಗೆ ಮುಗಿಯಂಗಿದ್ರೆ ಇಲ್ಲಿಗಂಟ ಯಾಕ್ ಬತ್ತಿದ್ದೋ ಸಾ? ನಾಳಿಕ್ ಇನ್ನೊಬ್ಳುನ್ನ ಆಚ್ಗೆ ಕಳಿಸ್ತಾರೆ. ಎಲ್ಲಾ ಅಂಗ್ಡಿಗೂ ಒಂದೇ ಕಟ್ಲೆ ಆಗ್ಬೇಕು."

ಯಜಮಾನರು ಎದ್ದು ನಿಂತರು. ಗಿರಾಕಿಗಳು ಮುಜುಗರ ಪಡುತ್ತಾರೆ ಎಂದರು. ಆಮೇಲೆ ತಮ್ಮ ದೊಡ್ಡ ಅಸ್ತ್ರ ತೆಗೆದರು. "ನನ್ನದೇನೂ ಅಭ್ಯಂತರ ಇಲ್ಲ. ಆದರೆ ನಮ್ಮ ಅಂಗಡಿ ಹೆಣ್ಣುಮಕ್ಕಳೇ ಒಪ್ಪಲ್ಲ. ಇವಳ ಜೊತೆ ಟಾಯ್ಲೆಟ್ ಹಂಚ್ಕೊಳೋಕೆ ಆಗಲ್ಲ ಅಂತ ಅವರೇ ಹೇಳ್ತಾರೆ."

ಈ ಮಾತಿಗೆ ನಾನು ಉತ್ತರ ಕೊಡುವ ಹಾಗಿಲ್ಲ, ನಾನು ಏನು ಹೇಳಿದರೂ ಅದು ನನ್ನ ಮಾತೇ. ಆಗ ಹಿಂದಿನಿಂದ ಹೆಡತಲೆಯ ಅಕ್ಕನ ದನಿ.

"ಯಾವ್ ಟಾಯ್ಲೆಟ್ಟು ಸಾ?"

ಯಜಮಾನರು ತಿರುಗಿದರು.

"ಅಲ್ಲ, ಯಾವ್ ಟಾಯ್ಲೆಟ್ಟು ಅಂತೀನಿ. ಇಷ್ಟ್ ವರ್ಸದಿಂದ ನಿಮ್ಮಂಗ್ಡೀಲಿ ನಿಂತಿವ್ನಿ, ನಾ ಒಂದ್ ದಿನ್ವೂ ಕಾಣ್ನಿಲ್ಲ. ಇದ್ರೆ ತಾನೆ ಸಾ ಅಂಚ್ಕೊಳದು? ಬಸ್ಟ್ಯಾಂಡ್‌ಗೆ ಓಡೋಗಿ ಬರಾದ್ರೊಳ್ಗೆ ನೀವು ಎಲ್ಲೋದೆ ಎಲ್ಲೋದೆ ಅಂತ ಬಾಯ್ ಬಡ್ಕತೀರ. ಇವ್ಳು ನೀರೇ ಕುಡೀದೆ ಕೆಲ್ಸ ಮಾಡವ್ಳೆ. ನಾವ್ ಬ್ಯಾಡ ಅಂದೋ ಅಂತ ಯಾರ್ ಏಳುದ್ರು ನಿಮ್ಗೆ? ನಮ್ಮುನ್ನ ಯಾವಾಗ ಕೇಳುದ್ರಿ?"

ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲು ನಕ್ಕಿತು. ಆದರೆ ಆ ನಗು ಬೇಗ ನಿಂತಿತು, ಏಕೆಂದರೆ ಗೋಡೆಗೆ ಒರಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಮಾತಾಡತೊಡಗಿದ್ದರು. ಪಾತ್ರೆ ಅಂಗಡಿಯವಳು ಬಸುರಿಯಾಗಿದ್ದಾಗಲೂ ಕೂರಲು ಬಿಟ್ಟಿರಲಿಲ್ಲ ಎಂದಳು. ಫ್ಯಾನ್ಸಿ ಸ್ಟೋರಿನ ಹುಡುಗಿ ಗಿರಾಕಿಯೊಬ್ಬ ದಿನಾ ಬಂದು ಕೈ ಮುಟ್ಟುತ್ತಾನೆ, ಯಾರಿಗೆ ಹೇಳಬೇಕೋ ಗೊತ್ತಿಲ್ಲ ಎಂದು ಅತ್ತಳು. ಅವಳ ಅಂಗಡಿಯವರು ಅಲ್ಲೇ ಮುಂದಿನ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದರು. ನಮ್ಮ ನೋವಿಗೆ ನಾವಷ್ಟೇ ವಾರಸುದಾರರು ಎಂದುಕೊಂಡು ಬಂದಿದ್ದ ನಾನು ಎದ್ದು ಹೋಗಿ ಆ ಹೆಂಗಸರ ಪಕ್ಕ ನಿಂತೆ.

ಸಂಜೆಯ ಹೊತ್ತಿಗೆ ಅಂಗಡಿಯವರು ಒಪ್ಪಿ ಕಟ್ಟಳೆ ಬಾಯಿಮಾತಿನಲ್ಲಿ ಆಯಿತು, ನಮ್ಮ ಜೊತೆ ಬಂದಿದ್ದ ವಕೀಲೆಯಮ್ಮ ಅದನ್ನು ಅಲ್ಲೇ ಕೂತು ಅಚ್ಚ ಕನ್ನಡದಲ್ಲಿ ಬರೆದರು. ಮಂಗಳಮುಖಿ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಕೂಡದು, ಹಿಂದಿನ ಕೋಣೆಯಲ್ಲಿ ಬಚ್ಚಿಡಕೂಡದು. ಅವರು ಹೇಳಿದ ಹೆಸರಿನಲ್ಲೇ ಕರೆಯಬೇಕು. ಕೆಲಸದವರ ಕೈಯಲ್ಲಿ ಬೋಣಿ, ದೃಷ್ಟಿ, ಆಶೀರ್ವಾದ ಮಾಡಿಸಕೂಡದು. ನಿಂತು ಮಾರುವವರಿಗೆ ಸ್ಟೂಲು ಬೇಕು. ಸಂಘದ ಕಟ್ಟಡದ ಕೆಳಗಿನ ಶೌಚಾಲಯವನ್ನು ಬೀದಿಯ ಕೆಲಸದ ಹೆಂಗಸರೆಲ್ಲರಿಗೂ ತೆರೆದಿಡಬೇಕು, ನಮ್ಮವರನ್ನೂ ಸೇರಿಸಿ. ದೂರು ಕೇಳುವುದಕ್ಕೆ ಇಬ್ಬರು, ಅಂಗಡಿಯವರ ಕಡೆಯಿಂದ ಒಬ್ಬರು, ಕೆಲಸದವರ ಕಡೆಯಿಂದ ಒಬ್ಬರು. ಅಂಗಡಿಯವರು ಆ ಮೆಡಿಕಲ್‌ನವರ ಹೆಸರು ಹೇಳಿದರು. ಕೆಲಸದವರ ಕಡೆಯಿಂದ ಯಾರು ಎಂದಾಗ ಅಕ್ಕ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. "ಇವ್ಳಿಗೆ ಬಾಯಿ ಚೆನ್ನಾಗದೆ, ಇವ್ಳೇ ಇರ್ಲಿ." ಯಾರೂ ಬೇಡ ಎನ್ನಲಿಲ್ಲ.

ಅದು ಪೂರ್ತಿ ಗೆಲುವಲ್ಲ ಎಂದು ನನಗೆ ಗೊತ್ತು. ಒಂದೆರಡು ಅಂಗಡಿಯವರು ಸಂಘ ಕೊಟ್ಟ ಕಟ್ಟಳೆಯ ಬೋರ್ಡನ್ನು ಕ್ಯಾಲೆಂಡರಿನ ಹಿಂದೆ ನೇತುಹಾಕಿದ್ದಾರೆ. ಯಜಮಾನರು ನನ್ನನ್ನು ವಾಪಸು ತೆಗೆದುಕೊಂಡರೂ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಕೌಂಟರಿನ ಮುಂದೆ ಹುಡುಗಿಯರು ನನ್ನ ದನಿ ಕೇಳಿ ಈಗಲೂ ಪಿಸಪಿಸ ನಗುತ್ತಾರೆ. ನಗಲಿ, ನಗುತ್ತಲೇ ಸೀರೆ ಕೊಂಡುಕೊಳ್ಳುತ್ತಾರೆ. ತಗಡೂರಿನಿಂದ ಮದುವೆ ಜವಳಿಗೆ ಬಂದ ಒಬ್ಬ ಅಜ್ಜಿಯಂತೂ ಧಾರೆ ಸೀರೆಯನ್ನು ನನ್ನ ಕೈಯಿಂದಲೇ ಮುಟ್ಟಿಸಬೇಕು, ಒಳ್ಳೆಯದಾಗುತ್ತದೆ ಎಂದು ಹಟ ಹಿಡಿದಿತ್ತು. "ನನ್ ಕೈಗುಣ ನಂಗ್ ಗೊತ್ತಿಲ್ಲ ಕಣಜ್ಜಿ. ಈ ಸೀರೆ ಬಣ್ಣ ಮಾತ್ರ ಓಗಕ್ಕಿಲ್ಲ, ಅದು ನನ್ ಗ್ಯಾರಂಟಿ" ಎಂದೆ. ಅಜ್ಜಿ ಎರಡು ಸೀರೆ ತೆಗೆದುಕೊಂಡಿತು. ಗಲ್ಲಾದಲ್ಲಿ ಕೂತಿದ್ದ ಯಜಮಾನರ ಮೀಸೆಯ ಅಂಚಿನಲ್ಲಿ ಒಂದು ನಗು ಕಂಡಿತು, ನನಗೆ ಅಷ್ಟು ಸಾಕು.

ಮಾರನೆಯ ವರ್ಷ ನರಸೀಪುರದ ಅಂಗಡಿಯವರೂ ಅದೇ ಕಟ್ಟಳೆ ಒಪ್ಪಿಕೊಂಡರು. ಅಲ್ಲಿ ಜಗಳವೇ ಬೇಕಾಗಲಿಲ್ಲ, ಅಮ್ಮ ಹೋಗಿ ಕೈಕಟ್ಟಿ ನಿಂತರಂತೆ, ಅವರೇ ಕುರ್ಚಿ ಹಾಕಿದರಂತೆ. ನಮ್ಮಲ್ಲಿ ಇಬ್ಬರು ಈಗ ಅಲ್ಲಿ ಕೆಲಸಕ್ಕಿದ್ದಾರೆ, ಒಬ್ಬಳು ಬೇಕರಿಯಲ್ಲಿ, ಒಬ್ಬಳು ಜೆರಾಕ್ಸ್ ಅಂಗಡಿಯಲ್ಲಿ. ಅಮ್ಮ ಮತ್ತೆ ಶುಕ್ರವಾರ ಹರಸಲು ಹೋಗುತ್ತಾರೆ, ಮನಸ್ಸಿದ್ದರೆ. ಅದು ಅವರ ಕೆಲಸ, ನಾನು ಅದಕ್ಕೆ ಕೈ ಮುಗಿಯುತ್ತೇನೆ.

ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ನಮ್ಮ ಕೌಂಟರಿನ ಮುಂದೆ ಒಬ್ಬ ಹುಡುಗಿ ಬಂದು ನಿಂತಳು. ಕವಲಂದೆಯವಳು, ಬಸ್‌ಸ್ಟ್ಯಾಂಡಿನ ಎದುರಿನ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಸೀರೆ ತೋರಿಸಲೇ ಎಂದೆ. ಬೇಡವೆಂದು ತಲೆ ಆಡಿಸಿದಳು. ಆಮೇಲೆ ಮೆಲ್ಲಗೆ, "ಅಕ್ಕ, ನಿಮ್ಮತ್ರ ಏಳ್ಬೌದಂತಲ್ಲ?" ಎಂದಳು.

ಹೇಳಿದಳು. ಅಂಗಡಿಯ ಮ್ಯಾನೇಜರು ಸ್ಟಾಕು ತೆಗೆಯುವ ನೆಪದಲ್ಲಿ ಅವಳನ್ನು ಮೇಲಿನ ಅಟ್ಟಕ್ಕೆ ಕಳಿಸಿ ಹಿಂದೆಯೇ ಬರುತ್ತಾನೆ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆ, ಅವಳಿಗೆ ಕೆಲಸ ಬೇಕು. ನಾನು ಕೌಂಟರನ್ನು ಅಕ್ಕನಿಗೆ ಒಪ್ಪಿಸಿ, ಯಜಮಾನರಿಗೆ ಹೇಳಿದೆ. ಅವರು ಒಂದು ಕ್ಷಣ ನೋಡಿ, "ಹೋಗಿ ಬಾ" ಎಂದರು. ಮೆಡಿಕಲ್‌ನವರನ್ನೂ ಜೊತೆಗೆ ಕರೆದುಕೊಂಡು ನಾನು ಆ ಹುಡುಗಿಯ ಕೈ ಹಿಡಿದು ಚಪ್ಪಲಿ ಅಂಗಡಿಗೆ ಹೋದೆ.

ಅಂಗಡಿಯ ಮಾಲೀಕರು ಹೊಸಬರು, ಚಾಮರಾಜನಗರದ ಕಡೆಯಿಂದ ಬಂದವರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ವಿಷಯ ಹೇಳಿದೆ, ಎಲ್ಲವನ್ನೂ, ದನಿ ಏರಿಸದೆ. ಅಟ್ಟದ ಮೆಟ್ಟಿಲ ಹತ್ತಿರ ನಿಂತಿದ್ದ ಮ್ಯಾನೇಜರು ಬಿಳಿಚಿಕೊಂಡ. ಇವತ್ತಿನಿಂದ ಈ ಹುಡುಗಿ ಅಟ್ಟಕ್ಕೆ ಹೋಗುವುದಿಲ್ಲ, ಇವನ ಮೇಲೆ ಏನು ಕ್ರಮ ಎಂಬುದನ್ನು ನಾಳೆ ಸಂಘಕ್ಕೆ ಬಂದು ಹೇಳಬೇಕು, ಇಲ್ಲದಿದ್ದರೆ ನಾವೇ ಅವಳ ಜೊತೆ ಠಾಣೆಗೆ ಹೋಗುತ್ತೇವೆ ಎಂದೆ. ಮೆಡಿಕಲ್‌ನವರು ಹೌದು ಎಂದು ತಲೆದೂಗಿದರು.

ಮಾಲೀಕರಿಗೆ ನಾನು ಯಾರು ಎಂದು ಇನ್ನೂ ಅರ್ಥವಾಗಿರಲಿಲ್ಲ. ನನ್ನನ್ನು ಕೇಳಲು ಸಂಕೋಚ. ಹುಡುಗಿಯ ಕಡೆ ತಿರುಗಿ, "ಇವರು ಯಾರಮ್ಮ?" ಎಂದರು.

ಅವಳು ಕಣ್ಣೊರೆಸಿಕೊಂಡು, ನನ್ನ ಕೈ ಬಿಡದೆ ಹೇಳಿದಳು: "ನಮ್ಮೋರೇ ಸಾ. ಅಂಗ್ಡಿ ಕೆಲ್ಸದೋರು."